ಕಡಿಯದ ನಾಯಿ, ತಪ್ಪದ ಹೊಣೆ

‘ನಮ್ಮ ನಾಯಿ ಕಡಿಯಂಗಿಲ್ಲ, ಬರ್ರಿ’ ಎಂಬ ಮಾತು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮನೆಬಾಗಿಲಲ್ಲಿ ದಿನಬೆಳಗಾದರೆ ಕೇಳುತ್ತದೆ. ಮೀಟರ್ ನೋಡಲು ಬಂದ ಜೆಸ್ಕಾಂ ಸಿಬ್ಬಂದಿಗೂ, ಬಾಣಂತಿಯನ್ನು ವಿಚಾರಿಸಲು ಬಂದ ಆಶಾ ಕಾರ್ಯಕರ್ತೆಗೂ, ಸಂಘದ ಕಂತು ಕೇಳಲು ಬಂದವರಿಗೂ ಸಿಗುವ ಭರವಸೆ ಇದೊಂದೇ. ಹೇಳುವವರು ಸುಳ್ಳಾಡುತ್ತಿರುವುದಿಲ್ಲ, ಸಾಕಿದ ನಾಯಿಗಳಲ್ಲಿ ಬಹಳಷ್ಟು ನಿಜಕ್ಕೂ ಕಡಿಯುವುದಿಲ್ಲ. ಆದರೆ ಎದೆಯೆತ್ತರಕ್ಕೆ ಹಾರಿದ ನಾಯಿಗೆ ಬೆದರಿ ಕಟ್ಟೆಯಿಂದ ಬಿದ್ದ ಮುದುಕಿಯ ಸೊಂಟ ಮುರಿಯಲು ಹಲ್ಲು ಬೇಕಾಗಿಲ್ಲ. ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ಬೈಕಿನ ಗಾಲಿಗೆ ಅಡ್ಡ ಬಂದ ನಾಯಿ, ಸೈಕಲ್ ಮೇಲೆ ಶಾಲೆಗೆ ಹೊರಟ ಹುಡುಗನ ಬೆನ್ನು ಹತ್ತಿದ ನಾಯಿ, ಕುರಿ ಹಿಂಡನ್ನು ಬೆದರಿಸಿ ಬಾವಿಯತ್ತ ಓಡಿಸಿದ ನಾಯಿ ಇವು ಯಾವುವೂ ಕಡಿದಿರುವುದಿಲ್ಲ. ಅನಾಹುತ ಆದ ಮೇಲೆ ಮಾಲೀಕನಿಂದ ಬರುವುದು ಅದೇ ಮಾತಿನ ಇನ್ನೊಂದು ರೂಪ: ‘ಕಡದಿಲ್ಲಲ್ಲ, ಮತ್ತೇನು?’ ಕಾನೂನಿನ ಮುಂದೆ ಈ ವಾದ ನಿಲ್ಲುವುದಿಲ್ಲ. ಹಲ್ಲು ತಾಗಿತೇ ಇಲ್ಲವೇ ಎಂಬುದು ಅಲ್ಲಿ ಎರಡನೇ ಮಾತು. ಹೀಗಾಗಬಹುದೆಂದು ಸಾಕಿದವನಿಗೆ ಗೊತ್ತಿರಬೇಕಿತ್ತೇ, ಗೊತ್ತಿದ್ದೂ ಅವನು ಮಾಡಿದ್ದೇನು ಎಂಬುದು ಮೊದಲನೆಯದು. ನಾಯಿ ಸಾಕಿದವರೂ ನಾಯಿಯಿಂದ ಬಿದ್ದವರೂ ಇದೊಂದನ್ನು ತಿಳಿದಿದ್ದರೆ ಅರ್ಧ ಜಗಳ ಕಡಿಮೆಯಾದೀತು.

ಮೊದಲು ಕ್ರಿಮಿನಲ್ ಕಾನೂನು ನೋಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ಭಾರಿ ಗಾಯವೋ ಆಗುವ ಸಂಭವವಿದ್ದಾಗ, ಅದನ್ನು ತಡೆಯಲು ಸಾಕಾಗುವಷ್ಟು ಎಚ್ಚರಿಕೆಯನ್ನು ಗೊತ್ತಿದ್ದೂ ಅಥವಾ ನಿರ್ಲಕ್ಷ್ಯದಿಂದ ತೆಗೆದುಕೊಳ್ಳದವನಿಗೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದರಲ್ಲಿ ಕಡಿತದ ಮಾತೇ ಇಲ್ಲ. ನಾಯಿಯ ಹೆಸರೂ ಇಲ್ಲ. ಹಾಯುವ ಹೋರಿಗೂ ಒದೆಯುವ ಕುದುರೆಗೂ ಇದೇ ಕಲಂ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಇದು 289ನೇ ಕಲಂ ಆಗಿತ್ತು, ದಂಡ ಹೆಚ್ಚೆಂದರೆ 1,000 ರೂಪಾಯಿ. 1860ರಲ್ಲಿ ಬರೆದ ಆ ಮೊತ್ತ, ನಿಜಾಮರ ಸೀಮೆಯಾಗಿದ್ದ ಈ ಮೂರೂ ತಾಲ್ಲೂಕುಗಳಿಗೆ 1951ರಲ್ಲಿ ಆ ಸಂಹಿತೆ ಅನ್ವಯವಾದಾಗಲೂ ಅಷ್ಟೇ ಇತ್ತು, 2024ರ ಜೂನ್ ಮುಗಿಯುವವರೆಗೂ ಅಷ್ಟೇ ಇತ್ತು. ಬ್ರಿಟಿಷರ ಕಾಲದಲ್ಲಿ ಸಾವಿರ ರೂಪಾಯಿ ದಂಡವೆಂದರೆ ಹೊಲ ಮಾರುವ ಮಾತು. ಈಚೆಗೆ ಅದು ಎಕ್ಸ್‌ರೇ ತೆಗೆಸಿ ಮಾತ್ರೆ ಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ನಾಯಿಯ ಹೊಣೆಯನ್ನು ಜನ ಹಗುರವಾಗಿ ಕಂಡಿದ್ದಕ್ಕೆ ಕಾನೂನಿನ ಈ ಮರೆವೂ ಒಂದು ಕಾರಣ ಇದ್ದೀತು.

ಇಲ್ಲಿ ‘ಭಾರಿ ಗಾಯ’ ಎಂದರೆ ರಕ್ತ ಹರಿದಿರಲೇಬೇಕು ಎಂದೇನಿಲ್ಲ. ನ್ಯಾಯ ಸಂಹಿತೆಯ 116ನೇ ಕಲಂ ಕೊಡುವ ಪಟ್ಟಿಯಲ್ಲಿ ಎಲುಬು ಅಥವಾ ಹಲ್ಲು ಮುರಿಯುವುದು, ಕೀಲು ತಪ್ಪುವುದು, ಕಣ್ಣು ಅಥವಾ ಕಿವಿ ಕಾಯಂ ಆಗಿ ಹೋಗುವುದು ಸೇರಿವೆ. 15 ದಿನ ತೀವ್ರ ನೋವು ಅನುಭವಿಸಿದರೂ, ಅಷ್ಟು ದಿನ ನಿತ್ಯದ ಕೆಲಸ ಮಾಡಲಾಗದೇ ಹೋದರೂ ಅದು ಭಾರಿ ಗಾಯವೇ. ಹಿಂದೆ ಇದಕ್ಕೆ 20 ದಿನ ಬೇಕಿತ್ತು. ನಾಯಿಗೆ ಹೆದರಿ ಬೈಕಿನಿಂದ ಬಿದ್ದವನಿಗೆ ಸಾಮಾನ್ಯವಾಗಿ ಆಗುವುದು ಮುಂಗೈ, ಭುಜದ ಎಲುಬು, ಮೊಣಕಾಲಿನ ಪೆಟ್ಟು. ಕಬ್ಬು ಕಡಿಯುವ ಹಂಗಾಮಿನಲ್ಲಿ ಮುಂಗೈ ಮುರಿದುಕೊಂಡ ಕೂಲಿಯವನು ಹದಿನೈದು ದಿನ ಇರಲಿ, ಎರಡು ತಿಂಗಳು ಕತ್ತಿ ಹಿಡಿಯಲಾರ. ಹಾಗೆಂದು ಪ್ರತಿ ನಾಯಿಯ ಪ್ರತಿ ಹಾರುವಿಕೆಯೂ ಅಪರಾಧವಲ್ಲ. ಬಾಲ ಅಲ್ಲಾಡಿಸುತ್ತ ಕಾಲಿಗೆ ಸುತ್ತಿಕೊಂಡ ಮರಿನಾಯಿಯಿಂದ ಜೀವಾಪಾಯ ಆಗಬಹುದೆಂದು ಯಾವ ಮ್ಯಾಜಿಸ್ಟ್ರೇಟರೂ ಒಪ್ಪಲಾರರು. ಅಪಾಯದ ಸಂಭವ ಮೊದಲೇ ಕಾಣುವಂತಿರಬೇಕು ಎಂಬ ಷರತ್ತು ಸಾಕಿದವರಿಗೆ ಇರುವ ನ್ಯಾಯವಾದ ರಕ್ಷಣೆ. ನಿರ್ಲಕ್ಷ್ಯದಿಂದ ನಿಜವಾಗಿ ಭಾರಿ ಗಾಯವೇ ಆಗಿದ್ದರೆ 125ನೇ ಕಲಂ ಕೂಡ ಸೇರಬಹುದು, ಅದರ ಗರಿಷ್ಠ ಶಿಕ್ಷೆ 3 ವರ್ಷ. ಸಾವಾದರೆ 106ನೇ ಕಲಂ, ಗರಿಷ್ಠ 5 ವರ್ಷ.

ಇದು ಬರೀ ಪುಸ್ತಕದ ಮಾತಲ್ಲ. 2023ರ ಜನವರಿಯಲ್ಲಿ ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ಊಟ ತಲುಪಿಸಲು ಹೋದ ಯುವಕನೊಬ್ಬ, ಬಾಗಿಲು ತೆರೆದೊಡನೆ ಮೇಲೆರಗಿ ಬಂದ ಜರ್ಮನ್ ಶೆಫರ್ಡ್ ನಾಯಿಯಿಂದ ತಪ್ಪಿಸಿಕೊಳ್ಳಲು ಓಡಿ, ಮೂರನೇ ಮಹಡಿಯಿಂದ ಬಿದ್ದ. ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡ. ಪೊಲೀಸರು ಸಾಕಿದವರ ಮೇಲೆ ಪ್ರಕರಣ ದಾಖಲಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಅದೇ ನಗರದಲ್ಲಿ ಇನ್ನೊಬ್ಬ ಡೆಲಿವರಿ ನೌಕರ ನಾಯಿಗೆ ಹೆದರಿ ಮೂರನೇ ಮಹಡಿಯಿಂದ ಹಾರಿ ಗಾಯಗೊಂಡ. ‘ಅವನಾಗಿಯೇ ಜಿಗಿದರೆ ನಾವೇನು ಮಾಡೋಣ’ ಎಂಬ ಆಕ್ಷೇಪ ಇಂಥ ಕಡೆ ಬಂದೇ ಬರುತ್ತದೆ. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. ಇನ್ನೊಬ್ಬರ ನಿರ್ಲಕ್ಷ್ಯದಿಂದ ಏಕಾಏಕಿ ಅಪಾಯಕ್ಕೆ ಸಿಕ್ಕವನು ಆ ಗಾಬರಿಯಲ್ಲಿ ತಪ್ಪು ದಾರಿ ಹಿಡಿದರೂ ಆ ತಪ್ಪನ್ನು ಅವನ ತಲೆಗೆ ಕಟ್ಟುವುದಿಲ್ಲ, ಗಾಬರಿಗೆ ಕಾರಣನಾದವನ ಲೆಕ್ಕಕ್ಕೇ ಹಾಕುತ್ತಾರೆ. ‘ಮುದುಕಿಯ ಎಲುಬು ಮೊದಲೇ ಸವೆದಿತ್ತು, ಗಟ್ಟಿಮುಟ್ಟಾದವರು ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ’ ಎಂಬುದೂ ಹಾಗೆಯೇ. ಗಾಯಗೊಂಡವರು ಹೇಗಿದ್ದರೋ ಹಾಗೆಯೇ ಅವರ ನಷ್ಟ ತುಂಬಬೇಕು. ಸವೆದ ಎಲುಬಿಗೆ ರಿಯಾಯಿತಿ ಇಲ್ಲ.

ದಂಡ ಹೋಗುವುದು ಸರ್ಕಾರದ ಖಜಾನೆಗೆ. ಶಿಕ್ಷೆ ವಿಧಿಸುವ ನ್ಯಾಯಾಲಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಂ ಅಡಿ ಗಾಯಾಳುವಿಗೆ ಪರಿಹಾರ ಕೊಡಿಸಬಹುದಾದರೂ, ಆಸ್ಪತ್ರೆ ಖರ್ಚು, ಹೋದ ಕೂಲಿ, ನೋವು, ಮುಂದೆ ಉಳಿಯುವ ಊನ ಇವೆಲ್ಲವನ್ನೂ ಲೆಕ್ಕ ಹಾಕಿ ಕೇಳುವ ಜಾಗ ಸಿವಿಲ್ ಕೋರ್ಟು. ಇಂಗ್ಲೆಂಡಿನಲ್ಲಿ ಪ್ರಾಣಿಗಳ ಹೊಣೆಗೆಂದೇ 1971ರ ಕಾಯ್ದೆಯಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲದ್ದರಿಂದ ನಿರ್ಲಕ್ಷ್ಯದ ಸಾಮಾನ್ಯ ತತ್ವವೇ ಆಧಾರ. ಆ ತತ್ವ ರೂಪುಗೊಂಡ ಹಳೆಯ ಇಂಗ್ಲಿಷ್ ಮೊಕದ್ದಮೆಗಳಲ್ಲಿ ಕಡಿತವಿಲ್ಲದ ಗಾಯಗಳೇ ಪಾಠ ಹೇಳಿವೆ ಎಂಬುದು ಕುತೂಹಲದ ಸಂಗತಿ. ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋದ ನಾಯಿ ಬೊಗಳುತ್ತ ಹಾರಾಡಿ ಹಿಂದಿನ ಗಾಜು ಒಡೆದು, ಚೂರೊಂದು ದಾರಿಹೋಕನ ಕಣ್ಣಿಗೆ ಬಡಿದ ಪ್ರಕರಣದಲ್ಲಿ, 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮಾಲೀಕನನ್ನು ಹೊಣೆಯಿಂದ ಬಿಟ್ಟಿತು. ಹೀಗಾದೀತೆಂದು ಯಾರೂ ಊಹಿಸುವಂತಿರಲಿಲ್ಲ. ಸಂಭವನೀಯವಾದದ್ದಕ್ಕೆ ಎಚ್ಚರಿಕೆ ಬೇಕು, ಕಲ್ಪನೆಗೂ ನಿಲುಕದ್ದಕ್ಕೆ ಬೇಡ ಎಂಬುದು ಅಲ್ಲಿನ ಮಾತು. ಆದರೆ 1937ರ ಇನ್ನೊಂದು ಪ್ರಕರಣದಲ್ಲಿ, ಕೈಯಿಂದ ತಪ್ಪಿಸಿಕೊಂಡು ಓಡಿದ ನಾಯಿಯ ಉದ್ದನೆಯ ಹಗ್ಗ ದಾರಿಯಲ್ಲಿದ್ದವರ ಕಾಲಿಗೆ ಸುತ್ತಿಕೊಂಡು ಕೆಡವಿದಾಗ ಮಾಲೀಕ ಹೊಣೆಯಾದ. 1962ರಲ್ಲಿ, ಅಂಗಡಿಯಿಂದ ಹಗ್ಗವಿಲ್ಲದೆ ಬೀದಿಗಿಳಿದ ದೊಡ್ಡ ಸೇಂಟ್ ಬರ್ನಾರ್ಡ್ ನಾಯಿಯಿಂದ ವ್ಯಾನಿಗಾದ ಜಖಂಗೆ ನಾಯಿಯ ಯಜಮಾನನೇ ಹಣ ತೆರಬೇಕಾಯಿತು. ಗಾಜಿನ ಚೂರು ಒಂದು ತುದಿ, ರಸ್ತೆಗಿಳಿದ ನಾಯಿ ಇನ್ನೊಂದು ತುದಿ; ನಮ್ಮ ತಾಲ್ಲೂಕುಗಳ ಹೆಚ್ಚಿನ ಘಟನೆಗಳು ಎರಡನೇ ತುದಿಗೇ ಬರುತ್ತವೆ.

ಏಕೆಂದರೆ ಇಲ್ಲಿ ಮುಂದೇನಾಗುತ್ತದೆ ಎಂಬುದು ದಿನವೂ ಕಾಣುತ್ತಿರುತ್ತದೆ. ವಿಜಯಪುರದ ಕಡೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯೂ, ಶಹಾಪುರ–ಬಳ್ಳಾರಿ ಕಡೆ ಇಳಿಯುವ 150ಎ ಹೆದ್ದಾರಿಯೂ ಜೇವರ್ಗಿಯಲ್ಲೇ ಕೂಡುತ್ತವೆ. ಎರಡರ ಬದಿಗೂ ಹೊಲದ ಮನೆಗಳು, ಢಾಬಾಗಳು, ಅವುಗಳ ಕಾವಲು ನಾಯಿಗಳು. ಅಮಾವಾಸ್ಯೆಗೆ ಘತ್ತರಗಿ ಭಾಗಮ್ಮನಲ್ಲಿಗೆ, ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟವರು ಅಫಜಲಪುರ ತಾಲ್ಲೂಕಿನ ಒಳರಸ್ತೆಗಳಲ್ಲಿ ನಡೆದೋ ಬೈಕಿನಲ್ಲೋ ಸಾಗುತ್ತಾರೆ. ಆಳಂದದ ಕಡೆ ಕಬ್ಬಿನ ಹಂಗಾಮಿನಲ್ಲಿ ಇರುಳೆಲ್ಲ ಗಾಡಿ ಓಡಾಟ. ಇಂಥ ರಸ್ತೆಯ ಪಕ್ಕದ ಮನೆಯ ನಾಯಿ ದಿನಾ ಬೆಳಗ್ಗೆ ಬೈಕುಗಳ ಬೆನ್ನು ಹತ್ತುತ್ತಿದ್ದರೆ ಒಂದಲ್ಲ ಒಂದು ದಿನ ಯಾರಾದರೂ ಬೀಳುತ್ತಾರೆಂದು ತಿಳಿಯಲು ವಿಶೇಷ ಬುದ್ಧಿ ಬೇಡ. ‘ಅವನು ಜೋರಾಗಿ ಬರುತ್ತಿದ್ದ, ಹೆಲ್ಮೆಟ್ ಇರಲಿಲ್ಲ’ ಎಂಬ ಪ್ರತಿವಾದಕ್ಕೆ ತೂಕವಿದೆ. ಆದರೆ ಅದು ಪರಿಹಾರದ ಮೊತ್ತವನ್ನು ಅವನ ತಪ್ಪಿನ ಪಾಲಿನಷ್ಟು ಇಳಿಸುತ್ತದೆಯೇ ಹೊರತು ನಾಯಿಯವನನ್ನು ಪೂರ್ತಿ ಬಿಡಿಸುವುದಿಲ್ಲ. ಹೊಲಕ್ಕೆ ನುಗ್ಗಿದ ಕಳ್ಳನ ಮಾತು ಬೇರೆ. ನಕಾಶೆಯಲ್ಲಿರುವ ಬಂಡಿದಾರಿಯಲ್ಲಿ ನಡೆದವನು, ಕೆಲಸದ ಮೇಲೆ ಅಂಗಳಕ್ಕೆ ಬಂದವನು ಅತಿಕ್ರಮಣ ಮಾಡಿದವನಲ್ಲ.

ಸಾಕಿದವನಿಗೆ ‘ಗೊತ್ತಿತ್ತು’ ಎಂಬುದನ್ನು ತೋರಿಸುವುದೇ ಇಂಥ ಮೊಕದ್ದಮೆಯ ಜೀವಾಳ. ಒಮ್ಮೆ ಯಾರನ್ನೋ ಅಟ್ಟಿಸಿಕೊಂಡು ಹೋಗಿತ್ತು, ಓಣಿಯವರು ಹೇಳಿದ್ದರು, ಅಂಗನವಾಡಿಯವರು ದೂರಿದ್ದರು ಎಂಬುದೆಲ್ಲ ಸಾಕ್ಷ್ಯ. ಆದ್ದರಿಂದ ಇಂಥ ನಾಯಿ ನೆರೆಯಲ್ಲಿದ್ದರೆ ಬಾಯಿಮಾತಿನ ಜಗಳಕ್ಕಿಂತ ಮಾಲೀಕನಿಗೊಂದು ವಾಟ್ಸ್ಆ್ಯಪ್ ಸಂದೇಶ, ಗ್ರಾಮ ಪಂಚಾಯಿತಿಗೊ ಪುರಸಭೆಗೊ ಕೊಟ್ಟು ಸ್ವೀಕೃತಿ ಪಡೆದ ಅರ್ಜಿ ಹೆಚ್ಚು ಕೆಲಸ ಮಾಡುತ್ತದೆ. ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಹಾಕಿದವರು ಅಲ್ಲಿಗೆ ತಮ್ಮ ಹೊಣೆ ಮುಗಿಯಿತೆಂದು ತಿಳಿಯುತ್ತಾರೆ. ಫಲಕ ನೋಡಿಯೂ ಗೇಟು ತೆರೆದು ನುಗ್ಗಿದವನ ವಿರುದ್ಧ ಅದು ನೆರವಾದೀತು. ಓದಲು ಬಾರದವರ, ಮಕ್ಕಳ, ಗೇಟಿನ ಹೊರಗೆ ರಸ್ತೆಯಲ್ಲಿದ್ದವರ ವಿಷಯದಲ್ಲಿ ಅದು ತಿರುಗಿಬೀಳುತ್ತದೆ, ಅಪಾಯ ಗೊತ್ತಿತ್ತೆಂದು ಮಾಲೀಕನೇ ಗೋಡೆಯ ಮೇಲೆ ಬರೆದಂತಾಗುತ್ತದೆ. ತಳಿಯ ಮಾತೂ ಅಷ್ಟೇ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಉಗ್ರವೆಂದು ಹೆಸರಿಸಿ ನಿಷೇಧಿಸಲು ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲೇ ರದ್ದುಮಾಡಿತು. ಜವಾರಿ ನಾಯಿಯೋ ಮುಧೋಳವೋ ರಾಟ್‌ವೀಲರೋ ಎಂಬುದರ ಮೇಲೆ ಹೊಣೆ ನಿಂತಿಲ್ಲ. ತೆಳುಮೈಯ ಮುಧೋಳ ನಾಯಿ ಮನುಷ್ಯರ ಮೇಲೆ ಹೋಗುವುದು ಅಪರೂಪ ನಿಜ. ಆದರೆ ಓಡುವುದನ್ನು ಕಂಡರೆ ಬೆನ್ನು ಹತ್ತುವುದು ಅದರ ರಕ್ತದಲ್ಲೇ ಇದೆ, ಓಡುವುದು ಮೊಲವೇ ಬೈಕೇ ಎಂದು ಅದು ವಿಚಾರಿಸುವುದಿಲ್ಲ.

‘ನಾಯಿ ನಮ್ಮದಲ್ಲ, ಊರದು’ ಎಂಬುದು ಹಳ್ಳಿಯ ಅತ್ಯಂತ ಗಟ್ಟಿ ಪ್ರತಿವಾದ. 291ನೇ ಕಲಂ ಹೇಳುವುದು ‘ವಶದಲ್ಲಿರುವ’ ಪ್ರಾಣಿ ಎಂದು. ಕೊಂಡ ರಸೀದಿಯನ್ನಾಗಲಿ ಲೈಸೆನ್ಸನ್ನಾಗಲಿ ಅದು ಕೇಳುವುದಿಲ್ಲ. ರಾತ್ರಿ ನಿಮ್ಮ ಕಣದಲ್ಲಿ ಮಲಗುವ, ನಿಮ್ಮ ಮನೆಯ ರೊಟ್ಟಿ ತಿಂದು ನೀವು ಇಟ್ಟ ಹೆಸರಿಗೆ ಓಡಿಬರುವ, ನೀವು ಪಶು ಆಸ್ಪತ್ರೆಗೆ ಒಯ್ದು ಲಸಿಕೆ ಹಾಕಿಸಿದ ನಾಯಿ ನಿಮ್ಮ ವಶದಲ್ಲಿದೆ ಎನ್ನಲು ನೆರೆಯವರ ಸಾಕ್ಷಿ ಸಾಕು. ಬೀದಿಯ ಯಾವುದೋ ನಾಯಿಗೆ ಒಂದು ತುಂಡು ಹಾಕಿದವರೆಲ್ಲ ಮಾಲೀಕರಾಗುತ್ತಾರೆ ಎಂದು ಇದರ ಅರ್ಥವಲ್ಲ. ದತ್ತಾತ್ರೇಯನ ಜತೆ ನಾಲ್ಕು ನಾಯಿಗಳನ್ನು ಕಾಣುವ ಗಾಣಗಾಪುರದಲ್ಲಿ ಭಕ್ತರು ನಾಯಿಗೆ ಉಣಿಸುವುದು ಸೇವೆಯ ಭಾಗ. ಉಣಿಸಿ ಊರಿಗೆ ಮರಳಿದ ಯಾತ್ರಿಕರ ವಶದಲ್ಲಿ ಯಾವ ನಾಯಿಯೂ ಇರುವುದಿಲ್ಲ. ಸುಗ್ಗಿಯಾದ ಹೊಲದಲ್ಲಿ ಕುರಿ ನಿಲ್ಲಿಸಿದಾಗ ಹಟ್ಟಿಯ ನಾಯಿಗಳ ಹೊಣೆ ಕುರಿಗಾರರದು, ಗೊಬ್ಬರದ ಆಸೆಗೆ ಜಾಗ ಕೊಟ್ಟ ರೈತನದಲ್ಲ. ಆದರೆ ಸಂಬಳದ ಆಳು ಹಿಡಿದುಕೊಂಡಿದ್ದ ನಾಯಿ ಬಿಡಿಸಿಕೊಂಡರೆ, ಆಳಿನ ಕಡೆ ಕೈ ತೋರಿಸಿ ಧಣಿ ಪಾರಾಗಲಾರ.

ನಿಜವಾಗಿಯೂ ಯಾರದೂ ಅಲ್ಲದ ನಾಯಿಯಾದರೆ ದಾರಿ ಕಠಿಣ. ವಾಘ್ ಬಕ್ರಿ ಚಹಾ ಕಂಪನಿಯ ನಿರ್ದೇಶಕ ಪರಾಗ್ ದೇಸಾಯಿ 2023ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನ ತಮ್ಮ ಮನೆಯ ಬಳಿ ಬೀದಿನಾಯಿಗಳಿಂದ ತಪ್ಪಿಸಿಕೊಳ್ಳುವಾಗ ಬಿದ್ದು, ತಲೆಯ ಪೆಟ್ಟಿನಿಂದ ತೀರಿಕೊಂಡರು. ಮೈಮೇಲೆ ಕಡಿತದ ಗುರುತಿರಲಿಲ್ಲವೆಂದು ಆಸ್ಪತ್ರೆ ಹೇಳಿತ್ತು. ಕರ್ನಾಟಕ ಸರ್ಕಾರ 2025ರ ನವೆಂಬರ್‌ನಲ್ಲಿ ಬೀದಿನಾಯಿ ದಾಳಿಯ ಸಾವಿಗೆ 5 ಲಕ್ಷ, ಗಾಯಕ್ಕೆ 5,000 ರೂಪಾಯಿ ಪ್ರಕಟಿಸಿದಾಗಲೂ ಕಣ್ಣ ಮುಂದಿದ್ದುದು ಕಡಿತ, ತರಚು, ಸೀಳುಗಾಯಗಳೇ. ನಾಯಿ ಅಡ್ಡ ಬಂದು ಬೈಕಿನಿಂದ ಬಿದ್ದವನ ಮುರಿದ ಭುಜ ಅಂಥ ಪಟ್ಟಿಗೆ ಸುಲಭವಾಗಿ ಹೊಂದುವುದಿಲ್ಲ. ಈ ವಿಷಯದಲ್ಲಿ ಪಂಜಾಬ್–ಹರಿಯಾಣ ಹೈಕೋರ್ಟಿನ 2023ರ ನವೆಂಬರ್ ತೀರ್ಪು ಹೆಚ್ಚು ವಾಸ್ತವಿಕ. ಹಲ್ಲಿನ ಗುರುತೊಂದಕ್ಕೆ ಕನಿಷ್ಠ 10,000 ರೂಪಾಯಿ ಎಂದದ್ದು ಸುದ್ದಿಯಾಯಿತು. ಆದರೆ ಬೀಡಾಡಿ ಪ್ರಾಣಿಗಳಿಂದಾದ ಅಪಘಾತಗಳ ಪರಿಹಾರವನ್ನೂ ತೀರ್ಮಾನಿಸಲು ಜಿಲ್ಲಾಧಿಕಾರಿಗಳ ಸಮಿತಿ ರಚಿಸಬೇಕೆಂದು ಅದೇ ತೀರ್ಪು ಹೇಳಿದ್ದನ್ನು ಗಮನಿಸಿದವರು ಕಡಿಮೆ. ನಮ್ಮಲ್ಲೂ ಅಂಥ ಏರ್ಪಾಡು ಬರಬೇಕು. ಸದ್ಯ ಕೈಯಲ್ಲಿರುವ ಅಸ್ತ್ರ ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಕೊಟ್ಟ ಆದೇಶ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮತ್ತು ಲಸಿಕೆಯ ನಂತರ ಅದೇ ಜಾಗಕ್ಕೆ ಮರಳಿ ಬಿಡದೆ ಆಶ್ರಯತಾಣಕ್ಕೆ ಸಾಗಿಸಬೇಕು. ಬಸ್ ನಿಲ್ದಾಣದಲ್ಲೋ ತಾಲ್ಲೂಕು ಆಸ್ಪತ್ರೆಯ ಅಂಗಳದಲ್ಲೋ ನಾಯಿಯಿಂದ ಬಿದ್ದವರು ಸ್ಥಳೀಯ ಸಂಸ್ಥೆಯ ಹೊಣೆ ಕೇಳುವಾಗ ಈ ಆದೇಶವನ್ನು ಅರ್ಜಿಯಲ್ಲಿ ಹೆಸರಿಸಬೇಕು.

ಬೈಕಿನಿಂದ ಬಿದ್ದವರಲ್ಲಿ ಹಲವರು ‘ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ’ ಎಂದು ಸುಮ್ಮನಾಗುತ್ತಾರೆ. ಇಲ್ಲೊಂದು ಕಂದಕವಿದೆ. ಕಡ್ಡಾಯದ ಥರ್ಡ್ ಪಾರ್ಟಿ ವಿಮೆ ಮೂರನೆಯವರಿಗಾಗಿ. ಬೇರೆ ವಾಹನವಿಲ್ಲದೆ ತಾನೇ ಬಿದ್ದ ಸವಾರನಿಗೆ ಅದರಿಂದ ಪರಿಹಾರವಿಲ್ಲ. ಇಳಕಲ್‌ನಿಂದ ಗುಡೂರಿಗೆ ಎರವಲು ಬೈಕಿನಲ್ಲಿ ಹೋಗುತ್ತಿದ್ದವನು ಎತ್ತಿನಗಾಡಿಗೆ ಬಡಿದು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಇದನ್ನೇ ಹೇಳಿತು: ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ, ಆ ಗಾಡಿಯ ವಿಮೆಯಿಂದ ತಪ್ಪಿನ ಪ್ರಶ್ನೆಯಿಲ್ಲದ ಪರಿಹಾರವನ್ನು ಅವನ ಕಡೆಯವರು ಕೇಳಲಾಗದು. ಥರ್ಡ್ ಪಾರ್ಟಿ ಮಾತ್ರದ ಪಾಲಿಸಿಯಲ್ಲಿ ಹಿಂದೆ ಕೂತವರೂ ಸೇರುವುದಿಲ್ಲ. ಪ್ಯಾಕೇಜ್ ಪಾಲಿಸಿಯಾದರೆ ಸೇರುತ್ತಾರೆ. ಮಾಲೀಕನೇ ಓಡಿಸುತ್ತಿದ್ದು, ಲೈಸೆನ್ಸ್ ಇದ್ದು, 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಕಟ್ಟಿದ್ದರೆ ಸಾವಿಗೆ, ಕೈಕಾಲು ಅಥವಾ ಕಣ್ಣು ಹೋದದ್ದಕ್ಕೆ ಹಣ ಬರುತ್ತದೆ, ಸಾದಾ ಮುರಿತಕ್ಕೆ ಬರುವುದಿಲ್ಲ. ಹಾಗಾಗಿ ಎಲುಬು ಮುರಿದ ಸವಾರನಿಗೆ ಬಹಳ ಸಲ ಉಳಿಯುವ ದಾರಿ ನಾಯಿಯ ಮಾಲೀಕನ ಮೇಲಿನ ಸಿವಿಲ್ ದಾವೆಯೊಂದೇ. ಅಪಘಾತದಲ್ಲಿ ನಾಯಿ ಸತ್ತರೆ ಮಾಲೀಕ ಉಲ್ಟಾ ಕೇಸು ಹಾಕುವೆನೆಂದು ಹೆದರಿಸುವುದುಂಟು. ಉದ್ದೇಶವಿಲ್ಲದೆ ವಾಹನಕ್ಕೆ ಸಿಕ್ಕು ಸಾಕುನಾಯಿ ಸತ್ತರೆ ಚಾಲಕನ ಮೇಲೆ ಅಡ್ಡಾದಿಡ್ಡಿ ಚಾಲನೆಯ ಕ್ರಿಮಿನಲ್ ಕಲಂ ನಿಲ್ಲದು ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲೇ ಹೇಳಿದೆ. ಸಿಟ್ಟಿನಿಂದ ಆಮೇಲೆ ನಾಯಿಗೆ ವಿಷವಿಟ್ಟರೆ ಮಾತ್ರ ನ್ಯಾಯ ಸಂಹಿತೆಯ 325ನೇ ಕಲಂ ಅಡಿ 5 ವರ್ಷದವರೆಗೆ ಶಿಕ್ಷೆಗೆ ಗುರಿಯಾಗಬೇಕಾದೀತು.

ಇಷ್ಟೆಲ್ಲ ಹಕ್ಕಿದ್ದೂ ಪ್ರಕರಣ ಸೋಲುವುದು ಬಹುತೇಕ ಆಸ್ಪತ್ರೆಯ ಮೊದಲ ಸಾಲಿನಲ್ಲಿ. ನೋವಿನಲ್ಲಿರುವವನನ್ನು ಎತ್ತಿಕೊಂಡು ಬಂದವರು ಕೌಂಟರಿನಲ್ಲಿ ‘ಗಾಡಿಮ್ಯಾಲಿಂದ ಬಿದ್ದಾನ’ ಎನ್ನುತ್ತಾರೆ, ರಿಜಿಸ್ಟರಿನಲ್ಲಿ ಅಷ್ಟೇ ದಾಖಲಾಗುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಕಲಬುರಗಿಯ ಜಿಮ್ಸ್‌ಗೆ ಕಳಿಸುವ ಚೀಟಿಯಲ್ಲಿ ಅದೇ ನಕಲಾಗುತ್ತದೆ, ಅಲ್ಲಿನ ಕೇಸ್‌ಶೀಟಿನಲ್ಲಿ ಮತ್ತೆ ಅದೇ. ತಿಂಗಳ ನಂತರ ನಾಯಿಯ ಮಾತೆತ್ತಿದರೆ, ಹಣಕ್ಕಾಗಿ ಕಟ್ಟಿದ ಕಥೆ ಎಂದು ಎದುರು ವಕೀಲರು ಮೂರು ಕಾಗದ ತೋರಿಸುತ್ತಾರೆ. ಆದ್ದರಿಂದ ಯಾವ ಊರಿನ ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ, ಯಾರು ಸಾಕಿದ ನಾಯಿ ಬೆನ್ನು ಹತ್ತಿದ್ದರಿಂದ ಬಿದ್ದದ್ದು ಎಂದು ವೈದ್ಯರಿಗೆ ಅಲ್ಲೇ ಹೇಳಿ, ವೈದ್ಯಕೀಯ–ಕಾನೂನು ಪ್ರಕರಣದ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಬೇಕು. ಆಳಂದ, ಅಫಜಲಪುರದ ಗಡಿ ಊರುಗಳವರು ಸೊಲ್ಲಾಪುರದ ಆಸ್ಪತ್ರೆ ಸೇರುವುದೂ ಉಂಟು. ರಾಜ್ಯ ಬೇರೆಯಾದರೂ ಅಲ್ಲಿನ ಠಾಣೆಯಲ್ಲಿ ಜೀರೋ ಎಫ್‌ಐಆರ್ ದಾಖಲಿಸಿ, ಘಟನೆ ನಡೆದ ಠಾಣೆಗೆ ಕಳಿಸಲು ಸುರಕ್ಷಾ ಸಂಹಿತೆಯ 173ನೇ ಕಲಂ ಅವಕಾಶ ಕೊಟ್ಟಿದೆ. ನಾಯಿಯ ಫೋಟೊ, ಬಿದ್ದ ಜಾಗದ ಫೋಟೊ, ಪೆಟ್ರೋಲ್ ಪಂಪು ಅಥವಾ ಅಂಗಡಿಯ ಸಿಸಿಟಿವಿ ದೃಶ್ಯ ಇವನ್ನು ಮೊದಲ ದಿನಗಳಲ್ಲೇ ಹಿಡಿಯಬೇಕು. ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ. ಇನ್ನೊಂದು ಎಚ್ಚರಿಕೆ ಕಾನೂನಿಗಿಂತ ದೊಡ್ಡದು. ನಾಯಿ ಕಡಿಯದೆ ಉಗುರಿನಿಂದ ಪರಚಿದ್ದರೂ, ತೆರೆದ ಗಾಯಕ್ಕೆ ಜೊಲ್ಲು ತಾಗಿದ್ದರೂ ರೇಬಿಸ್ ಬರಬಹುದು. ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಲಸಿಕೆ ಹಾಕಿಸಬೇಕು. ರಕ್ತ ಬಂದಿದ್ದರೆ ಅಥವಾ ತೆರೆದ ಗಾಯಕ್ಕೆ ಜೊಲ್ಲು ತಾಗಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲೊಬ್ಯುಲಿನ್ ಚುಚ್ಚುಮದ್ದನ್ನೂ ಕೇಳಬೇಕು.

291ನೇ ಕಲಂ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದಾದ, ಜಾಮೀನು ಸಿಗುವ ಅಪರಾಧ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಈ ಕಲಂಗೆ ಕಾಲಮಿತಿ 1 ವರ್ಷ. ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷ. ಸಿವಿಲ್ ಜಡ್ಜ್ ನ್ಯಾಯಾಲಯ ಮೂರೂ ತಾಲ್ಲೂಕು ಕೇಂದ್ರಗಳಲ್ಲಿದೆ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಕೆಲಸದ ಮೇಲಿದ್ದಾಗ ಬಿದ್ದವರು ತಮ್ಮ ಧಣಿಯಿಂದ 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಬಂದ ಸಾಮಾಜಿಕ ಭದ್ರತಾ ಸಂಹಿತೆಯಡಿಯೂ ಕೇಳಲು ಸಾಧ್ಯ.

ಸಾಕಿದವರ ಕಡೆಯಿಂದ ಬರುವ ದೊಡ್ಡ ಆಕ್ಷೇಪ ಒಂದಿದೆ: ಹಾಗಾದರೆ ನಾಯಿಯನ್ನು ಹಗಲಿರುಳು ಸರಪಳಿಯಲ್ಲೇ ಇಡಬೇಕೇ, ಕಾವಲಿಗೆ ಸಾಕಿ ಏನು ಬಂತು? ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ನಾಯಿಯನ್ನು ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟುವುದೂ, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದೂ ಅಪರಾಧ. ಅಲ್ಲದೆ ದಿನವಿಡೀ ಕಟ್ಟಿದ ನಾಯಿ ಬಿಚ್ಚಿದೊಡನೆ ಹೆಚ್ಚು ಉಗ್ರವಾಗಿ ವರ್ತಿಸುವುದು ಎಲ್ಲರೂ ಕಂಡದ್ದೇ. ನ್ಯಾಯ ಸಂಹಿತೆಯ 291ನೇ ಕಲಂ ಬಯಸುವುದು ‘ಸಾಕಾಗುವಷ್ಟು’ ಎಚ್ಚರಿಕೆಯನ್ನು. ರಸ್ತೆಯ ಕಡೆಗೆ ಮುಳ್ಳಿನದಾದರೂ ಒಂದು ಬೇಲಿ, ಹಾಲಿನವರೂ ಶಾಲೆಯ ಮಕ್ಕಳೂ ಓಡಾಡುವ ಹೊತ್ತಿಗೆ ಕಟ್ಟಿ ಉಳಿದ ಹೊತ್ತು ಬಿಡುವುದು, ಕಟ್ಟುವ ಗೂಟ ದಾರಿಯಿಂದ ಹಗ್ಗದ ಉದ್ದಕ್ಕಿಂತ ದೂರ ಇರುವುದು, ಹೊರಗೆ ಒಯ್ಯುವಾಗ ಮಗುವಿನ ಕೈಗೆ ಹಗ್ಗ ಕೊಡದಿರುವುದು, ಬಂದವರು ಒಳಗೆ ಬರುವ ಮುನ್ನ ನಾಯಿಯನ್ನು ಹಿತ್ತಲಿಗೆ ಹಾಕುವುದು ಇಷ್ಟರಲ್ಲೇ ಹಳ್ಳಿಯ ಹೆಚ್ಚಿನ ಪ್ರಕರಣಗಳು ಹುಟ್ಟುವ ಮುಂಚೆ ಸಾಯುತ್ತವೆ. ಪಟ್ಟಣದಲ್ಲಿ ದೊಡ್ಡ ನಾಯಿ ಸಾಕಿದವರು ವಿಮೆ ಮಾಡಿಸುವಾಗ ಅದರಲ್ಲಿ ಮೂರನೆಯವರ ಹೊಣೆಯೂ ಸೇರಿದೆಯೇ ಎಂದು ಕೇಳಿ ನೋಡಬೇಕು.

‘ಒಂದೇ ಓಣಿಯವರು ಕೋರ್ಟಿಗೆ ಹೋದರೆ ಮುಂದೆ ಮುಖ ನೋಡುವುದು ಹೇಗೆ’ ಎಂಬ ಮಾತನ್ನೂ ತಳ್ಳಿಹಾಕುವಂತಿಲ್ಲ. ಹಿರಿಯರ ಮುಂದೆ ಕೂತು ಮುಗಿಸುವುದು ತಪ್ಪಲ್ಲ, ಅವಸರದಲ್ಲಿ ಮುಗಿಸುವುದು ತಪ್ಪು. ಮೊದಲ ದಿನ ಎರಡು ಸಾವಿರ ಕೈಗಿಟ್ಟು ‘ಇನ್ನೇನೂ ಕೇಳುವುದಿಲ್ಲ’ ಎಂದು ಬರೆಸಿಕೊಳ್ಳುವುದು ರೂಢಿ. ಆಗ ಎಲುಬಿಗೆ ರಾಡ್ ಹಾಕಬೇಕೇ ಎಂಬುದು ವೈದ್ಯರಿಗೂ ಗೊತ್ತಿರುವುದಿಲ್ಲ. ತುರ್ತು ಖರ್ಚಿಗೆ ಪಡೆದ ಹಣವನ್ನು ‘ಚಿಕಿತ್ಸೆಗೆ ಮುಂಗಡ’ ಎಂದೇ ಬರೆದು, ತಾರೀಕು ಹಾಕಿ, ಇಬ್ಬರ ಸಹಿ ಮಾಡಿಸಿಕೊಳ್ಳಿ. ಪ್ಲಾಸ್ಟರ್ ಬಿಚ್ಚಿ, ಊನ ಎಷ್ಟು ಉಳಿಯಿತೆಂದು ವೈದ್ಯರು ಬರೆದುಕೊಟ್ಟ ಮೇಲೆ ಒಟ್ಟು ಮೊತ್ತ ಮಾತಾಡಿ, ಅದನ್ನು ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನ ಮುಂದೆ ಇಟ್ಟು ದಾಖಲಿಸಬಹುದು. ಅಲ್ಲಿನ ಅವಾರ್ಡಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಕೊಡದಿದ್ದರೆ ವಸೂಲಿ ಮಾಡಬಹುದು. ಆದರೆ ಅದರ ಮೇಲೆ ಅಪೀಲಿಲ್ಲ. ಎರಡನೇ ಆಪರೇಷನ್ ಬೇಕಾದೀತು ಎಂದು ವೈದ್ಯರು ಹೇಳಿದ್ದರೆ ಅದರ ಖರ್ಚು ಯಾರು ಕೊಡಬೇಕೆಂಬ ಸಾಲನ್ನು ಸಹಿ ಹಾಕುವ ಮೊದಲೇ ಸೇರಿಸಬೇಕು.